ನೀರಿನ ಜಾಡು ಹಿಡಿದು ಗಿರಣಿಗೆ: ಗೋಕಾಕ ಫಾಲ್ಸ್ ನೋಡುವ ಬಗೆ, ಉಳಿಸುವ ಬಗೆ

ಗೋಕಾಕ ಫಾಲ್ಸಿಗೆ ಹೋದವರಲ್ಲಿ ಹೆಚ್ಚಿನವರು ಧುಮುಕುವ ನೀರು ನೋಡಿ, ತೂಗುಸೇತುವೆಯ ಹತ್ತಿರ ಫೋಟೊ ತೆಗೆಸಿಕೊಂಡು, ಮರಳುವಾಗ ಕರದಂಟು ಕಟ್ಟಿಸಿಕೊಂಡು ಬರುತ್ತಾರೆ. ಜಲಪಾತದ ಪಕ್ಕದಲ್ಲೇ ನಿಂತಿರುವ ಹತ್ತಿ ಗಿರಣಿಯ ಕಡೆ ಒಮ್ಮೆ ಕಣ್ಣು ಹಾಯಿಸಿ ಸುಮ್ಮನಾಗುತ್ತಾರೆ. ಘಟಪ್ರಭೆ ಈ ಜಾಗದಲ್ಲಿ ಧುಮುಕುತ್ತದೆ ಎಂಬ ಕಾರಣಕ್ಕೇ ಆ ಗಿರಣಿ ಅಲ್ಲಿದೆ. ಗಿರಣಿ ಇದೆ ಎಂಬ ಕಾರಣಕ್ಕೇ ಗೋಕಾಕ ಫಾಲ್ಸ್ ಎಂಬ ಊರು ಅಲ್ಲಿದೆ. ಈ ಸಂಬಂಧ ತಿಳಿದವರು ಜಲಪಾತವನ್ನು ನೋಡುವ ರೀತಿಯೇ ಬೇರೆ.

1885ರಲ್ಲಿ ಹುಟ್ಟಿದ ಆ ಕಂಪನಿಯ ಮೊದಲ ಹೆಸರು ಗೋಕಾಕ ವಾಟರ್ ಪವರ್ ಅಂಡ್ ಮ್ಯಾನುಫ್ಯಾಕ್ಚರಿಂಗ್ ಕಂಪನಿ. ಹೆಸರಿನಲ್ಲಿ ಹತ್ತಿಯ ಸುದ್ದಿಯೇ ಇಲ್ಲ, ನೀರಿನ ಶಕ್ತಿ ಮೊದಲು ಬಂದಿದೆ. ಮುಂಬೈಯ ಫೋರ್ಬ್ಸ್ ಸಂಸ್ಥೆ ಅದರ ಹಿಂದಿತ್ತು. ಆ ಕಾಲದಲ್ಲಿ ಮುಂಬೈ ಗಿರಣಿಗಳೆಲ್ಲ ಉಗಿಯಿಂದ ಓಡುತ್ತಿದ್ದವು, ಉಗಿಗೆ ಕಲ್ಲಿದ್ದಲು ಬೇಕು, ಬೆಳಗಾವಿ ಜಿಲ್ಲೆಯ ಒಳನಾಡಿಗೆ ಕಲ್ಲಿದ್ದಲು ತರಿಸುವುದು ದುಬಾರಿ. ಆದರೆ ಹತ್ತಿ ಇಲ್ಲೇ ಬೆಳೆಯುತ್ತಿತ್ತು, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲು ಈ ಭಾಗಕ್ಕೆ ಬರುತ್ತಿತ್ತು, ಕಲ್ಲಿದ್ದಲಿನ ಬದಲಿಗೆ ಘಟಪ್ರಭೆ ಇತ್ತು. ಈ ಮೂರೂ ಒಂದೆಡೆ ಕೂಡಿದ ಜಾಗ ಇದು. ಮುಂದೆ ಕಂಪನಿಯ ಹೆಸರು ಗೋಕಾಕ ಮಿಲ್ಸ್ ಎಂದಾಯಿತು, ಗೋಕಾಕ ಪಟೇಲ್ ವೋಲ್ಕಾರ್ಟ್ ಎಂದಾಯಿತು, ಫೋರ್ಬ್ಸ್ ಗೋಕಾಕ ಎಂದಾಯಿತು, ಕೊನೆಗೆ ಗೋಕಾಕ ಟೆಕ್ಸ್‌ಟೈಲ್ಸ್ ಎಂದಾಯಿತು. ಸುತ್ತಲಿನ ಹಳ್ಳಿಗಳ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಬರೀ ‘ಗಿರಣಿ’.

ಇಂಥ ಗಿರಣಿಯನ್ನು ನೋಡುವುದು ಹೇಗೆ, ಉಳಿಸುವುದು ಹೇಗೆ ಎಂಬ ಎರಡೂ ಪ್ರಶ್ನೆಗೆ ನನ್ನ ಉತ್ತರ ಒಂದೇ: ನೀರಿನ ದಾರಿ ಹಿಡಿಯಿರಿ. ಜಲಶಕ್ತಿಯ ಗಿರಣಿ ಎಂದರೆ ನಾಲ್ಕು ಗೋಡೆ, ಒಂದು ಚಿಮಣಿ ಅಷ್ಟೇ ಅಲ್ಲ. ಮೇಲಿನ ಬಾಂದಾರದಿಂದ ಹಿಡಿದು ಕೆಳಗೆ ನೀರು ಮತ್ತೆ ಹೊಳೆ ಸೇರುವ ಜಾಗದವರೆಗೆ ಮೈಲುಗಟ್ಟಲೆ ಚಾಚಿದ ಒಂದೇ ಯಂತ್ರ ಅದು. ಅದರಲ್ಲಿ ಒಂದು ಕೊಂಡಿ ಕಳಚಿದರೂ ಉಳಿದದ್ದಕ್ಕೆ ಅರ್ಥ ಇರುವುದಿಲ್ಲ.

ನೀರು ಹೇಗೆ ನೂಲು ತೆಗೆಯುತ್ತದೆ

ಎಲ್ಲಕ್ಕಿಂತ ಸರಳವಾದ ನೀರಿನ ಗಿರಣಿ ಇವತ್ತಿಗೂ ಹಿಮಾಲಯದ ಹಳ್ಳಿಗಳಲ್ಲಿದೆ. ಅಲ್ಲಿನವರು ಅದನ್ನು ಘರಾಟ್ ಎನ್ನುತ್ತಾರೆ. ಹಳ್ಳದ ನೀರನ್ನು ಇಳಿಜಾರಿನ ಮರದ ದೋಣಿಯಲ್ಲಿ ಹರಿಸಿ ಕೆಳಗಿನ ಹಲಗೆ ಚಕ್ರಕ್ಕೆ ಹೊಡೆಸುತ್ತಾರೆ. ಚಕ್ರದ ನಡುವಿನ ನೆಟ್ಟನೆ ಅಚ್ಚು ಮೇಲಿನ ಬೀಸುಕಲ್ಲಿಗೆ ಸೇರಿರುತ್ತದೆ. ಚಕ್ರ ತಿರುಗಿದರೆ ಕಲ್ಲು ತಿರುಗುತ್ತದೆ, ಹಿಟ್ಟು ಬೀಳುತ್ತದೆ. ನಮ್ಮ ಬಯಲು ಸೀಮೆಯಲ್ಲಿ ಇಂಥವು ಬೆಳೆಯದ್ದಕ್ಕೆ ಕಾರಣ ಕಣ್ಣೆದುರೇ ಇದೆ: ನೆಲ ಸಪಾಟು, ಹಳ್ಳಗಳು ಹರಿಯುವುದು ಮಳೆಗಾಲದ ನಾಲ್ಕು ತಿಂಗಳು. ಹಿಟ್ಟಿಗೆ ಮನೆಯ ಬೀಸುಕಲ್ಲು, ಎಣ್ಣೆಗೆ ಎತ್ತಿನ ಗಾಣ ಇದ್ದವು. ಗೋಕಾಕದಲ್ಲಿ ಮಾತ್ರ ಹೊಳೆಯೇ ಒಂದೇ ಏಟಿಗೆ 52 ಮೀಟರ್ ಕೆಳಗೆ ಬೀಳುತ್ತದೆ.

ನೀರಿನಿಂದ ಸಿಗುವ ಶಕ್ತಿ ಎರಡೇ ಸಂಗತಿಯ ಮೇಲೆ ನಿಂತಿದೆ: ಎಷ್ಟು ನೀರು, ಎಷ್ಟು ಎತ್ತರದಿಂದ. ಇವೆರಡರ ಗುಣಾಕಾರವೇ ಶಕ್ತಿ. ಕೆನಾಲಿನ ಲೆಕ್ಕ ಬಲ್ಲ ಗೋಕಾಕ, ಮೂಡಲಗಿ ಭಾಗದ ರೈತರಿಗೆ ಕ್ಯೂಸೆಕ್ ಎಂದರೇನೆಂದು ಹೇಳಬೇಕಿಲ್ಲ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ 28 ಲೀಟರಿಗಿಂತ ತುಸು ಹೆಚ್ಚು. ಅಷ್ಟು ನೀರನ್ನು ಈ ಜಲಪಾತದ ಎತ್ತರದಿಂದ ಪೈಪಿನಲ್ಲಿ ಇಳಿಸಿ, ದಾರಿಯಲ್ಲಿ ಮತ್ತು ಯಂತ್ರದಲ್ಲಿ ನೂರಕ್ಕೆ ಇಪ್ಪತ್ತು ಪಾಲು ಶಕ್ತಿ ಸೋರಿಹೋಯಿತೆಂದು ಹಿಡಿದರೂ, ಸಿಗುವುದು ಸುಮಾರು 11 ಕಿಲೊವಾಟ್. ಅಂದರೆ ಒಂದು ಕ್ಯೂಸೆಕ್ ನೀರು ಹಗಲು ರಾತ್ರಿ 15 ಎಚ್‌.ಪಿ. ಪಂಪ್‌ಸೆಟ್ಟೊಂದನ್ನು ಓಡಿಸಬಲ್ಲದು. ಅದೇ ಲೆಕ್ಕದಲ್ಲಿ ಒಂದು ಟಿಎಂಸಿ ನೀರು ಈ ಎತ್ತರ ಇಳಿದರೆ ಸುಮಾರು 32 ಲಕ್ಷ ಯೂನಿಟ್ ವಿದ್ಯುತ್ತಿಗೆ ಸಮ. ಇಷ್ಟೆಲ್ಲ ಕೊಟ್ಟ ಮೇಲೂ ನೀರು ಒಂದು ಹನಿ ಕಡಿಮೆಯಾಗಿರುವುದಿಲ್ಲ, ಕೆಳಗಿನ ಊರಿನ ಹೊಲಕ್ಕೆ ಹಾಗೆಯೇ ಹೋಗುತ್ತದೆ. ಉಗಿ ಯಂತ್ರಕ್ಕೆ ದಿನವೂ ಕಲ್ಲಿದ್ದಲು ಸುಡಬೇಕಿದ್ದ ಕಾಲದಲ್ಲಿ ಬಂಡವಾಳದಾರರು ಇಂಥ ಲೆಕ್ಕಕ್ಕೆ ಮನಸೋತದ್ದರಲ್ಲಿ ಆಶ್ಚರ್ಯವೇನಿಲ್ಲ.

ಆದರೆ ಜಲಪಾತದ ಕೆಳಗೆ ನೇರವಾಗಿ ಚಕ್ರ ಇಟ್ಟರೆ ಮೊದಲ ಮಹಾಪೂರಕ್ಕೇ ಕೊಚ್ಚಿಹೋಗುತ್ತದೆ. ಹಾಗಾಗಿ ಹೊಳೆ ಧುಮುಕುವ ಮೊದಲೇ ಮೇಲುಗಡೆ ಒಂದು ಪಾಲು ನೀರನ್ನು ಬೇರೆ ದಾರಿಗೆ ತಿರುಗಿಸುತ್ತಾರೆ. ಆ ದಾರಿಯ ಬಾಯಲ್ಲಿ ಕಬ್ಬಿಣದ ಸಲಾಕೆಗಳ ಜಾಲರಿ ಇರುತ್ತದೆ. ಕಬ್ಬಿನ ರವದಿ, ಮರದ ದಿಮ್ಮಿ, ಸತ್ತ ದನ, ಈಗಿನ ಕಾಲದಲ್ಲಿ ಪ್ಲಾಸ್ಟಿಕ್, ಎಲ್ಲವನ್ನೂ ಅದು ತಡೆಯಬೇಕು. ಜಾಲರಿ ದಾಟಿದ ನೀರು ದಪ್ಪ ಕಬ್ಬಿಣದ ಪೈಪಿಗೆ ಇಳಿಯುತ್ತದೆ. ಪೈಪು ಕಡಿದಾದ ಬಂಡೆಗುಂಟ ಕೆಳಗಿಳಿದಂತೆಲ್ಲ ಒಳಗಿನ ಒತ್ತಡ ಏರುತ್ತದೆ; 52 ಮೀಟರ್ ಕೆಳಗೆ ಅದು ಗಾಳಿಯ ಒತ್ತಡದ ಐದು ಪಟ್ಟು. ಇಂಥ ಪೈಪಿನ ತುದಿಯ ಗೇಟನ್ನು ಒಮ್ಮೆಲೇ ಮುಚ್ಚಬಾರದು. ಓಡುತ್ತಿರುವ ಟನ್ನುಗಟ್ಟಲೆ ನೀರು ತಟ್ಟನೆ ನಿಲ್ಲಬೇಕಾದಾಗ ಸುತ್ತಿಗೆಯಂತೆ ಪೈಪಿಗೇ ಹೊಡೆಯುತ್ತದೆ, ಪೈಪು ಒಡೆಯುತ್ತದೆ. ಗೇಟು ಮುಚ್ಚಲು ಎಷ್ಟು ಹೊತ್ತು ಹಿಡಿಯಬೇಕೆಂಬ ತಿಳಿವಳಿಕೆ ಪುಸ್ತಕಕ್ಕಿಂತ ಹೆಚ್ಚಾಗಿ ಕೈಯಲ್ಲಿ ಇರುವಂಥದ್ದು.

ಕೆಳಗೆ ಟರ್ಬೈನು. ಹಳೆಯ ಮರದ ಚಕ್ರದಲ್ಲಿ ನೀರು ಒಂದು ಬದಿಗೆ ಹೊಡೆದು ಸಾಕಷ್ಟು ವ್ಯರ್ಥವಾಗಿ ಚೆಲ್ಲುತ್ತಿತ್ತು. 19ನೇ ಶತಮಾನದಲ್ಲಿ ಫ್ರಾನ್ಸಿನ ಫೂರ್ನೆರಾನ್, ಅಮೆರಿಕದ ಫ್ರಾನ್ಸಿಸ್ ಮತ್ತು ಪೆಲ್ಟನ್ ಬೇರೆ ಬೇರೆ ಬಗೆಯ ಟರ್ಬೈನುಗಳನ್ನು ರೂಪಿಸಿದ ಮೇಲೆ ಆ ಲೆಕ್ಕ ಬದಲಾಯಿತು. ಫ್ರಾನ್ಸಿಸ್ ಬಗೆಯಲ್ಲಿ ಬಸವನಹುಳದ ಚಿಪ್ಪಿನಾಕಾರದ ಕವಚದೊಳಗೆ ನೀರು ಸುತ್ತಿ ಬಂದು, ದಾರಿ ತೋರುವ ರೆಕ್ಕೆಗಳ ನಡುವೆ ನುಸುಳಿ, ನಡುವಿನ ಚಕ್ರವನ್ನು ಎಲ್ಲ ಕಡೆಯಿಂದ ಒಂದೇ ಸಮನೆ ತಳ್ಳುತ್ತದೆ. ಆ ರೆಕ್ಕೆಗಳನ್ನು ತುಸು ತೆರೆದರೆ ಹೆಚ್ಚು ನೀರು, ತುಸು ಮುಚ್ಚಿದರೆ ಕಡಿಮೆ.

ನೂಲಿನ ಗಿರಣಿಗೆ ನೀರಿನ ಈ ಹತೋಟಿಯಲ್ಲೇ ಜೀವ ಇದೆ. ಹಿಟ್ಟಿನ ಕಲ್ಲು ಒಮ್ಮೆ ಜೋರಾಗಿ ಒಮ್ಮೆ ನಿಧಾನವಾಗಿ ತಿರುಗಿದರೂ ನಡೆದೀತು. ಕದಿರಿನ ವೇಗ ಏರುಪೇರಾದರೆ ಎಳೆ ಕಡಿಯುತ್ತದೆ, ಒಂದು ಸಾಲಿನಲ್ಲಿ ನೂರಾರು ಎಳೆ ಒಮ್ಮೆಗೇ ಕಡಿದರೆ ಆ ಪಾಳಿಯ ಕೆಲಸ ಹಾಳು. ಅದಕ್ಕೇ ಗವರ್ನರ್ ಎಂಬ ಸಾಧನ. ಅಚ್ಚಿನ ಜೊತೆ ತಿರುಗುವ ಎರಡು ಲೋಹದ ಗುಂಡುಗಳು ವೇಗ ಹೆಚ್ಚಾದಾಗ ಹೊರಕ್ಕೆ ಚಾಚಿ ನೀರಿನ ಬಾಯಿ ಕಿರಿದುಮಾಡುತ್ತವೆ, ವೇಗ ತಗ್ಗಿದಾಗ ಒಳಕ್ಕೆ ಬಂದು ಬಾಯಿ ಹಿಗ್ಗಿಸುತ್ತವೆ. ಯಾವ ವಿದ್ಯುತ್ ಉಪಕರಣವೂ ಇಲ್ಲದೆ ಯಂತ್ರವು ತನ್ನನ್ನು ತಾನೇ ಹತೋಟಿಯಲ್ಲಿ ಇಟ್ಟುಕೊಳ್ಳುವ ಈ ಉಪಾಯವನ್ನು ಶಾಲೆಯ ಮಕ್ಕಳಿಗೆ ಒಮ್ಮೆ ತೋರಿಸಬೇಕು. ಭೌತಶಾಸ್ತ್ರದ ಒಂದು ಅಧ್ಯಾಯ ಒಂದೇ ನೋಟದಲ್ಲಿ ಅರ್ಥವಾಗುತ್ತದೆ.

ಟರ್ಬೈನಿನ ಶಕ್ತಿ ನೂಲುವ ಸಾಂಚಾಗಳಿಗೆ ತಲುಪುವುದು ಮುಂದಿನ ಹಂತ. ವಿದ್ಯುತ್ ಮೋಟಾರು ಬರುವ ಮೊದಲು ಜಗತ್ತಿನ ಎಲ್ಲ ನೀರಿನ ಗಿರಣಿಗಳಲ್ಲೂ ಇದು ಶಾಫ್ಟು, ಹಗ್ಗ, ಪಟ್ಟಾಗಳ ಕೆಲಸವಾಗಿತ್ತು. ಸ್ವಿಟ್ಜರ್ಲೆಂಡಿನ ಶಾಫ್‌ಹೌಸೆನ್‌ನಲ್ಲಿ 1860ರ ದಶಕದಲ್ಲೇ ರೈನ್ ಹೊಳೆಯ ಶಕ್ತಿಯನ್ನು ಉಕ್ಕಿನ ಹಗ್ಗಗಳ ಮೂಲಕ ದೂರದ ಕಾರ್ಖಾನೆಗಳಿಗೆ ಒಯ್ಯುತ್ತಿದ್ದರು. ಗಿರಣಿಯ ಒಳಗೆ ಮೇಲ್ಛಾವಣಿಗುಂಟ ಒಂದು ಉದ್ದನೆಯ ಶಾಫ್ಟು ತಿರುಗುತ್ತಿರುತ್ತದೆ, ಅದರ ಮೇಲೆ ಸಾಲು ಸಾಲು ಪುಲ್ಲಿಗಳು, ಪ್ರತಿ ಪುಲ್ಲಿಯಿಂದ ಒಂದೊಂದು ಚರ್ಮದ ಪಟ್ಟಾ ಕೆಳಗಿನ ಯಂತ್ರಕ್ಕೆ. ಶಾಫ್ಟು ಉದ್ದವಾದಷ್ಟೂ ಶಕ್ತಿ ತಿಕ್ಕಾಟದಲ್ಲಿ ಕಳೆದುಹೋಗುತ್ತದೆ. ಹಳೆಯ ಗಿರಣಿಗಳು ಅಂತಸ್ತಿನ ಮೇಲೆ ಅಂತಸ್ತು ಏರಿ ಒತ್ತಾಗಿ ನಿಂತಿರುವುದಕ್ಕೆ ಇದೊಂದು ಮುಖ್ಯ ಕಾರಣ.

ವಿದ್ಯುತ್ತಿನ ಮಾತು ಬಂದಾಗ ಒಂದು ಗೊಂದಲ ಬಿಡಿಸಿ ಹೇಳಬೇಕು. 1887ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಗೋಕಾಕ ಫಾಲ್ಸಿನಲ್ಲಿ ವಿದ್ಯುತ್ ಉತ್ಪಾದನೆಯಾಯಿತು ಎಂದು ಪ್ರವಾಸಿ ಪುಸ್ತಿಕೆಗಳು ಬರೆಯುತ್ತವೆ. ಜಲವಿದ್ಯುತ್ತಿನ ಇತಿಹಾಸ ಬರೆಯುವವರು 1897ರ ಡಾರ್ಜಿಲಿಂಗಿನ ಸಿದ್ರಾಪೊಂಗ್ ಕೇಂದ್ರವನ್ನು ಮೊದಲಿಗೆ ಇಡುತ್ತಾರೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಕಳಿಸಿದ ನಮ್ಮ ಶಿವನಸಮುದ್ರ ಆಮೇಲೆ ಬರುತ್ತದೆ. ನೀರಿನ ಬಲದಿಂದ ಯಂತ್ರವನ್ನು ನೇರವಾಗಿ ತಿರುಗಿಸುವುದು ಒಂದು ಕೆಲಸ, ತನ್ನ ಆವರಣಕ್ಕಷ್ಟೇ ಡೈನಮೊ ಓಡಿಸುವುದು ಇನ್ನೊಂದು, ಊರಿಗೆ ವಿದ್ಯುತ್ ಹಂಚುವುದು ಮತ್ತೊಂದು. ಈ ಮೂರನ್ನೂ ಒಂದೇ ‘ಮೊದಲು’ ಎಂಬ ಪದದಲ್ಲಿ ಬೆರೆಸಬಾರದು. ಕಲ್ಲಿದ್ದಲಿನ ಯುಗದ ನಡುವೆ ಹೊಳೆಯನ್ನು ನಂಬಿ ಕಟ್ಟಿದ ಗಿರಣಿ ಎಂಬ ಹಿರಿಮೆ ಗೋಕಾಕಕ್ಕೆ ಸಾಕು.

ಎಲ್ಲಿಂದ ನೋಡಲು ಶುರು ಮಾಡಬೇಕು

ಜಲಪಾತದಿಂದ ಶುರು ಮಾಡಬೇಡಿ. ಮೊದಲು ಮೇಲಕ್ಕೆ, ಘಟಪ್ರಭಾ ರೈಲು ನಿಲ್ದಾಣದ ಹತ್ತಿರದ ಧುಪದಾಳಕ್ಕೆ ಹೋಗಿ. ಧುಪದಾಳದಲ್ಲಿ 19ನೇ ಶತಮಾನದ ಕೊನೆಗೆ ಹೊಳೆಗೆ ಅಡ್ಡಲಾಗಿ ಕಟ್ಟಿದ ಕಲ್ಲಿನ ಬಾಂದಾರ ಇದೆ. ಘಟಪ್ರಭಾ ಎಡದಂಡೆ ಕಾಲುವೆ ಹೊರಡುವುದು ಅಲ್ಲಿಂದಲೇ, ಅದರ ಹಿನ್ನೀರೇ ಈಗ ಪಕ್ಷಿಧಾಮ. ಚಳಿಗಾಲದಲ್ಲಿ ದೂರದ ದೇಶಗಳಿಂದ ಕೊಕ್ಕರೆ, ಕ್ರೌಂಚಗಳು ಬಂದು ಇಳಿಯುತ್ತವೆ. ಕಾರ್ಖಾನೆಗೂ ಹೊಲಕ್ಕೂ ಎಂದು ಮನುಷ್ಯ ತಡೆದ ನೀರು ಹಕ್ಕಿಗಳ ಬೀಡಾದದ್ದನ್ನು ಅಲ್ಲಿ ನಿಂತು ನೋಡಬೇಕು. ಇನ್ನೂ ಮೇಲಕ್ಕೆ ಹುಕ್ಕೇರಿ ತಾಲ್ಲೂಕಿನ ಹಿಡಕಲ್‌ನಲ್ಲಿ ರಾಜಾ ಲಖಮಗೌಡ ಜಲಾಶಯ, ಸುಮಾರು 51 ಟಿಎಂಸಿ ನೀರು ಹಿಡಿಯುವಂಥದ್ದು. ಇಲ್ಲಿನ ಜಲಪಾತ ಬಹುಮಟ್ಟಿಗೆ ಅಲ್ಲಿಂದ ಬಿಡುವ ನೀರನ್ನೇ ನಂಬಿದೆ. ಬೇಸಿಗೆಯಲ್ಲಿ ಬಂದು ಬರೀ ಬಂಡೆ ನೋಡಿ ನಿರಾಶರಾಗುವವರು ಇದನ್ನು ಗಮನದಲ್ಲಿಡಬೇಕು. ಹಾಗೆಂದು ಬೇಸಿಗೆ ವ್ಯರ್ಥವಲ್ಲ. ನೀರಿಲ್ಲದಾಗಲೇ ಕಲಾದಗಿ ಶಿಲಾಸ್ತರದ ಆ ಗಟ್ಟಿ ಕಲ್ಲು, ಕುದುರೆ ಲಾಳದ ಆಕಾರ, ಕಟ್ಟೆ ಕಾಲುವೆಗಳ ಕಟ್ಟಡ ಕೆಲಸ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ. ನೀರು ನೋಡಲು ಜುಲೈನಿಂದ ಸೆಪ್ಟೆಂಬರ್, ಯಂತ್ರದ ಜಾಡು ನೋಡಲು ಜನವರಿಯ ಆಚೆ ಈಚೆ.

ಧುಪದಾಳದಿಂದ ನೀರಿನ ಜೊತೆಗೇ ಕೆಳಗೆ ಬನ್ನಿ. ಫಾಲ್ಸಿನ ಹತ್ತಿರ ಕೊಣ್ಣೂರು. ಶಿಲಾಯುಗದ ನಂತರದ ಬೃಹತ್ ಶಿಲಾ ಸಮಾಧಿಗಳಿಗೆ ಹೆಸರಾದ ಊರು. ಜಲಪಾತದ ದಂಡೆಯ ಮಹಾಲಿಂಗೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಅದರ ಎದುರಿಗೆ ಬ್ರಿಟಿಷರ ಕಾಲದ ಗಿರಣಿ, ನಡುವೆ ಸುಮಾರು 200 ಮೀಟರ್ ಉದ್ದದ ತೂಗುಸೇತುವೆ. ಇಷ್ಟು ಕಡಿಮೆ ಜಾಗದಲ್ಲಿ ಇಷ್ಟು ಕಾಲಗಳು ಒಟ್ಟಿಗೆ ಕೂತಿರುವುದು ಅಪರೂಪ. ಸೇತುವೆಯ ಮೇಲೆ ಓಡಾಟ ಬಿಟ್ಟಿದ್ದಾರೆಯೇ ಎಂದು ಅಲ್ಲಿನ ಕಾವಲುಗಾರರನ್ನು ಕೇಳಿಯೇ ಮುಂದೆ ಹೋಗಿ, ಗುಂಪಾಗಿ ಕುಣಿಯುತ್ತ ನಡೆಯಬೇಡಿ. ಬಂಡೆಯ ಅಂಚಿಗೆ ಹೋಗುವ ಆಸೆ ಬೇಡವೇ ಬೇಡ. ಪಾಚಿಯ ಮೇಲೆ ಕಾಲು ಜಾರಿದರೆ ಹಿಡಿಯಲು ಏನೂ ಸಿಗುವುದಿಲ್ಲ, ಮೇಲೆ ಜಲಾಶಯದಿಂದ ನೀರು ಬಿಟ್ಟರೆ ಹೊಳೆ ನೋಡನೋಡುತ್ತಲೇ ಏರುತ್ತದೆ.

ಗಿರಣಿ ಖಾಸಗಿ ಜಾಗ, ಜಲಪಾತದ ಕೆಳಗಿನ ಅದರ ವಿದ್ಯುತ್ ಕೇಂದ್ರವೂ ಹಾಗೆಯೇ. ಒಳಗೆ ನೋಡಬೇಕೆಂದರೆ ಮೊದಲೇ ಆಡಳಿತ ಕಚೇರಿಗೆ ಪತ್ರ ಬರೆದು ಅನುಮತಿ ಪಡೆಯಬೇಕು. ಶಾಲೆ, ಕಾಲೇಜಿನ ಲೆಟರ್‌ಹೆಡ್ ಮೇಲೆ, ಎಷ್ಟು ಜನ, ಯಾವ ದಿನ, ಏನು ನೋಡುವ ಉದ್ದೇಶ ಎಂದು ಬರೆದರೆ ಅದಕ್ಕೆ ಬೆಲೆ ಹೆಚ್ಚು. ಅನುಮತಿ ಸಿಕ್ಕರೆ ಸೆರಗು, ಧೋತರ, ಶಾಲು, ಬಿಚ್ಚಿದ ಕೂದಲು ಇವನ್ನೆಲ್ಲ ಬಿಗಿದು ಕಟ್ಟಿಕೊಂಡು ಒಳಗೆ ಹೋಗಿ; ತಿರುಗುವ ಶಾಫ್ಟು ಯಾರ ಮುಲಾಜೂ ನೋಡುವುದಿಲ್ಲ. ಅನುಮತಿ ಸಿಗದಿದ್ದರೆ ಬೇಸರ ಬೇಡ, ಹೊರಗಿನಿಂದಲೇ ಓದಬಹುದಾದದ್ದು ಸಾಕಷ್ಟಿದೆ. ನೀರು ಎಲ್ಲಿ ಒಳಗೆ ಹೋಗುತ್ತದೆ, ಎಲ್ಲಿ ಹೊರಗೆ ಬರುತ್ತದೆ ಎಂಬ ಎರಡು ಬಿಂದು ಗುರುತಿಸಿ. ಅವೆರಡರ ನಡುವಿನ ಎತ್ತರವೇ ಗಿರಣಿಯ ಬಂಡವಾಳ. ಬಂಡೆಗುಂಟ ಇಳಿಯುವ ಪೈಪು, ಅದನ್ನು ಹಿಡಿದ ಕಲ್ಲಿನ ಕಟ್ಟೆಗಳು, ಕೆಳಗಿನ ಕೇಂದ್ರಕ್ಕೆ ಜನ ಇಳಿಯಲು ಮಾಡಿದ ರೋಪ್‌ವೇ ಇವನ್ನು ಗಮನಿಸಿ. ಕಿಟಕಿಗಳ ಸಾಲು ನೋಡಿ: ನೂಲಿನ ಖಾತೆಗೆ ಬೆಳಕು ಬೇಕು, ಆದರೆ ಒಣ ಗಾಳಿ ಬಂದರೆ ಎಳೆ ಕಡಿಯುತ್ತದೆ. ಆ ಎರಡರ ನಡುವಿನ ಲೆಕ್ಕಾಚಾರ ಹಳೆಯ ಗಿರಣಿಗಳ ಗೋಡೆಯಲ್ಲಿ ಕಾಣುತ್ತದೆ. ಆಮೇಲೆ ಕಾರ್ಮಿಕರ ಮನೆಗಳ ಕಡೆ ನಡೆಯಿರಿ. ಭೋಂಗಾದ ಸದ್ದಿಗೆ ಏಳುವುದು, ಮಲಗುವುದು ರೂಢಿಯಾಗಿದ್ದ ತಲೆಮಾರುಗಳು ಬದುಕಿದ ಓಣಿಗಳವು.

ಅಂಕಲಗಿ ಕಡೆಯಿಂದ, ಅಂದರೆ ಬೆಳಗಾವಿ–ಗೋಕಾಕ ರಸ್ತೆಯಿಂದ ಬರುವವರು ಒಂದು ದಿನ ಹೆಚ್ಚು ಇಟ್ಟುಕೊಂಡು ಮಾರ್ಕಂಡೇಯ ಹೊಳೆಯ ಗೊಡಚಿನಮಲ್ಕಿ ಜಲಪಾತವನ್ನೂ ನೋಡಲಿ. ಅಲ್ಲಿ ನೀರು ಎರಡು ಮೆಟ್ಟಿಲಾಗಿ ಇಳಿಯುತ್ತದೆ, ಸುತ್ತ ಕಾಡು. ಒಂದೇ ಸೀಮೆಯ ಎರಡು ಜಲಪಾತಗಳಲ್ಲಿ ಒಂದನ್ನು ದುಡಿಮೆಗೆ ಹಚ್ಚಿದಾಗ ಏನಾಯಿತು, ಇನ್ನೊಂದನ್ನು ಹಾಗೆಯೇ ಬಿಟ್ಟಾಗ ಏನಾಯಿತು ಎಂದು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದು.

ಉಳಿಸುವುದೆಂದರೆ

ನೂರು ವರ್ಷ ದಾಟಿದ ಕಟ್ಟಡ ತಾನಾಗಿಯೇ ಸಂರಕ್ಷಿತ ಸ್ಮಾರಕ ಆಗಿಬಿಡುತ್ತದೆ ಎಂಬ ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಹಾಗೇನಿಲ್ಲ. 1958ರ ಕೇಂದ್ರ ಕಾಯ್ದೆಯಲ್ಲಾಗಲಿ, 1961ರ ಕರ್ನಾಟಕದ ಕಾಯ್ದೆಯಲ್ಲಾಗಲಿ ಸರ್ಕಾರ ಅಧಿಸೂಚನೆ ಹೊರಡಿಸಿದರೆ ಮಾತ್ರ ರಕ್ಷಣೆ. ಆ ಕಾನೂನುಗಳು ಗುಡಿ, ಕೋಟೆ, ಶಾಸನಗಳನ್ನು ಮನಸ್ಸಿನಲ್ಲಿಟ್ಟು ಮಾಡಿದಂಥವು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ 200 ಮೀಟರ್ ನಿರ್ಬಂಧ. ದುಡಿಯುವ ಕಾರ್ಖಾನೆಗೆ, ಸುತ್ತಲಿನ ವಸತಿಗೆ ಇದು ಉಸಿರು ಕಟ್ಟಿಸುವ ನಿಯಮ. ಗಿರಣಿಯಂಥ ಜಾಗಕ್ಕೆ ಕಾನೂನಿಗಿಂತ ಮೊದಲು ಬೇಕಾಗಿರುವುದು ಮಾಲೀಕರು, ಕಾರ್ಮಿಕರು, ಸ್ಥಳೀಯ ಆಡಳಿತ, ನೀರಾವರಿ ಇಲಾಖೆ ಕೂತು ಮಾಡಿಕೊಳ್ಳುವ ಒಪ್ಪಂದ: ಯಾವುದನ್ನು ಮುಟ್ಟಬಾರದು, ಯಾವುದನ್ನು ಬದಲಿಸಬಹುದು, ಯಾವ ಯಂತ್ರವನ್ನು ಗುಜರಿಗೆ ಹಾಕುವ ಮೊದಲು ಹೇಳಿ ಹಾಕಬೇಕು. ನಮ್ಮ ಕಡೆ ಗಿರಣಿಗಳ ಇತಿಹಾಸ ಕಳೆದುಹೋಗಿರುವುದು ಹೆಚ್ಚಾಗಿ ಗುಜರಿ ಅಂಗಡಿಯಲ್ಲಿ. ಬೆಂಗಳೂರಿನ ಬಿನ್ನಿ ಮಿಲ್ ಜಾಗದಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು, ಮುಂಬೈಯ ಫೀನಿಕ್ಸ್ ಮಿಲ್ ಮಾಲ್ ಆಯಿತು.

ಬೇರೆ ದಾರಿಯೂ ಇದೆ. ಸ್ಕಾಟ್ಲೆಂಡಿನ ನ್ಯೂ ಲನಾರ್ಕ್ ಗೋಕಾಕಕ್ಕೆ ಅಕ್ಕನಂಥ ಊರು. ಕ್ಲೈಡ್ ಹೊಳೆಯ ಜಲಪಾತಗಳ ಪಕ್ಕ 1785ರಲ್ಲಿ ಡೇವಿಡ್ ಡೇಲ್ ಕಟ್ಟಿಸಿದ ಹತ್ತಿ ಗಿರಣಿಗಳು, ಅವುಗಳ ಸುತ್ತ ಕಾರ್ಮಿಕರ ಮನೆಗಳು. ರಾಬರ್ಟ್ ಓವನ್ ಅಲ್ಲಿ ಕಾರ್ಮಿಕರ ಮಕ್ಕಳಿಗೆ ಶಾಲೆ ತೆರೆದ. 1968ರಲ್ಲಿ ಗಿರಣಿ ಮುಚ್ಚಿತು, ಊರು ಹಾಳಾಗತೊಡಗಿತು. 1974ರಲ್ಲಿ ಒಂದು ಟ್ರಸ್ಟ್ ರಚನೆಯಾಗಿ ಒಂದೊಂದೇ ಕಟ್ಟಡ ಎತ್ತಿ ನಿಲ್ಲಿಸಿತು, 2001ರಲ್ಲಿ ಅದು ವಿಶ್ವ ಪರಂಪರೆಯ ತಾಣವಾಯಿತು. ಅಲ್ಲಿ ಮನೆಗಳಲ್ಲಿ ಇವತ್ತೂ ಜನ ಬಾಳುತ್ತಾರೆ, ಹಳೆಯ ಸಾಂಚಾದಲ್ಲಿ ಉಣ್ಣೆಯ ನೂಲು ತೆಗೆಯುತ್ತಾರೆ, ಟರ್ಬೈನು ವಿದ್ಯುತ್ ಕೊಡುತ್ತದೆ. ಅಮೆರಿಕದ ಲೊವೆಲ್ ಪಟ್ಟಣದಲ್ಲಿ ಕಾಲುವೆಗಳನ್ನೂ ಸೇರಿಸಿ ಇಡೀ ಗಿರಣಿ ಪ್ರದೇಶವನ್ನು 1978ರಲ್ಲಿ ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಮಾಡಿದರು, ಮಗ್ಗಗಳು ಓಡುವ ಒಂದು ಖಾತೆಯನ್ನು ಮತ್ತೆ ಸಜ್ಜುಗೊಳಿಸಿದರು. ಎರಡೂ ಕಡೆ ನೀರಿನ ದಾರಿಯನ್ನೂ ಕಟ್ಟಡದಷ್ಟೇ ಜೋಪಾನ ಮಾಡಿದ್ದಾರೆ.

ದಿನನಿತ್ಯದ ಜೋಪಾನದಲ್ಲಿ ಮೊದಲ ಶತ್ರು ಮೇಲಿನಿಂದ ಬರುವ ನೀರು. ಛಾವಣಿಯ ಹೆಂಚು ಒಡೆದಿದ್ದರೆ, ಮಳೆನೀರಿನ ದೋಣಿ ಕಟ್ಟಿಕೊಂಡಿದ್ದರೆ ಮಿಕ್ಕೆಲ್ಲ ದುರಸ್ತಿ ವ್ಯರ್ಥ. ಗೋಡೆಯ ಸಂದಿಯಲ್ಲಿ ಮೊಳೆತ ಅರಳಿ, ಆಲದ ಸಸಿಯನ್ನು ಜಗ್ಗಿ ಕೀಳಬಾರದು. ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಬೇರು ಸಾಯುವ ಹಾಗೆ ಮದ್ದು ಹಚ್ಚಿ, ಆಮೇಲೆ ಸಂದಿ ತುಂಬಬೇಕು. ತುಂಬುವುದು ಸುಣ್ಣದ ಗಾರೆಯಿಂದ, ಸಿಮೆಂಟಿನಿಂದ ಅಲ್ಲ. ಹಳೆಯ ಗೋಡೆ ಹೀರಿದ ತೇವವನ್ನು ಗಾರೆಯ ಸಂದಿಗಳ ಮೂಲಕವೇ ಹೊರಬಿಡುತ್ತದೆ. ಸಿಮೆಂಟು ಆ ದಾರಿ ಮುಚ್ಚುತ್ತದೆ, ತೇವ ಕಲ್ಲಿನೊಳಗೇ ಉಳಿದು ಉಪ್ಪು ಹರಳುಗಟ್ಟಿ ಕಲ್ಲಿನ ಮುಖ ಸಿಪ್ಪೆಯಂತೆ ಉದುರುತ್ತದೆ. ಗಟ್ಟಿ ಎಂದು ನಂಬಿ ಸಿಮೆಂಟು ಹಚ್ಚಿ ಹಾಳು ಮಾಡಿದ ಗುಡಿ, ವಾಡೆಗಳು ನಮ್ಮ ಜಿಲ್ಲೆಯಲ್ಲೇ ಬೇಕಾದಷ್ಟಿವೆ.

ಕಬ್ಬಿಣದ ವಿಷಯದಲ್ಲಿ ಬಣ್ಣ ಬಳಿಯುವ ಆತುರ ಬೇಡ. ತುಕ್ಕಿನ ಮೇಲೇ ಬೆಳ್ಳಿ ಬಣ್ಣ ಬಳಿದು ಗೇಟಿನ ಮುಂದೆ ಪ್ರದರ್ಶನಕ್ಕಿಟ್ಟ ಯಂತ್ರ ಒಳಗೊಳಗೇ ಸಾಯುತ್ತಿರುತ್ತದೆ. ಮೊದಲು ತಯಾರಕರ ಫಲಕ, ಎರಕದ ಅಕ್ಷರ, ಸಂಖ್ಯೆಗಳ ಫೋಟೊ ತೆಗೆದಿಡಿ, ಬಣ್ಣದ ಕೆಳಗೆ ಅವು ಮುಚ್ಚಿಹೋಗುತ್ತವೆ. ಮರಳು ಸಿಡಿಸಿ ಉಜ್ಜುವುದು ಬೇಡ, ಕೈಯಿಂದ ತಿಕ್ಕಿ ಎಣ್ಣೆ ಹಚ್ಚಿ. ಓಡಿಸಬಹುದಾದ ಟರ್ಬೈನನ್ನು ಆಗಾಗ ಓಡಿಸುವುದಕ್ಕಿಂತ ಒಳ್ಳೆಯ ಸಂರಕ್ಷಣೆ ಇಲ್ಲ. ನಿಂತ ಬೇರಿಂಗು ಕಚ್ಚಿಕೊಳ್ಳುತ್ತದೆ, ನಿಂತ ಪೈಪಿನಲ್ಲಿ ಹೂಳು ತುಂಬುತ್ತದೆ. ಓಡುವ ಯಂತ್ರಕ್ಕೆ ಗ್ರೀಸ್ ಹಾಕುವ ಮನುಷ್ಯ ಇರುತ್ತಾನೆ, ಅವನಿಗೆ ಸಂಬಳ ಇರುತ್ತದೆ, ಅವನು ಇನ್ನೊಬ್ಬನಿಗೆ ಕಲಿಸುತ್ತಾನೆ. ಗಾಜಿನ ಪೆಟ್ಟಿಗೆಯೊಳಗಿನ ಯಂತ್ರಕ್ಕೆ ಇದಾವುದೂ ಇಲ್ಲ.

ಮಹಾಪೂರವನ್ನು ಮರೆಯುವ ಹಾಗಿಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತು, ಲೋಳಸೂರ ಸೇತುವೆ ಮುಳುಗಿತು. ಹೊಳೆಗುಂಟ ಇರುವ ಯಾವುದೇ ಹಳೆಯ ಕಟ್ಟಡದಲ್ಲಿ ಪ್ರತಿ ಪೂರದ ಎತ್ತರವನ್ನೂ ತಾರೀಖಿನ ಸಮೇತ ಗೋಡೆಯಲ್ಲಿ ಕೊರೆದಿಡಬೇಕು. ದಾಖಲೆ ಪತ್ರ, ನಕ್ಷೆ, ವಿದ್ಯುತ್ ಫಲಕಗಳು ಆ ಗೆರೆಗಿಂತ ಮೇಲೆ ಇರಬೇಕು. ಪೂರ ಇಳಿದ ಮೇಲೆ ಕೆಸರು ಒಣಗುವ ಮೊದಲೇ ಜಾಲರಿ, ಕಾಲುವೆ ತೊಳೆಯಬೇಕು. ಇದಕ್ಕೆ ಹಣಕ್ಕಿಂತ ಶಿಸ್ತು ಬೇಕು.

ಈ ಸೀಮೆಗೆ ವಿದ್ಯುತ್ತಿನ ಇನ್ನೊಂದು ಹೆಮ್ಮೆಯೂ ಇದೆ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ 1969ರಲ್ಲಿ ಹುಟ್ಟಿ, ರೈತರೇ ಸದಸ್ಯರಾಗಿ ತಮ್ಮ ಹಳ್ಳಿಗಳಿಗೆ ವಿದ್ಯುತ್ ಹಂಚುತ್ತ ಬಂದಿದೆ. ಹೊಳೆಯಿಂದ ಶಕ್ತಿ ತೆಗೆದ ಗೋಕಾಕ, ಶಕ್ತಿಯನ್ನು ಸಹಕಾರದಿಂದ ಹಂಚಿಕೊಂಡ ಹುಕ್ಕೇರಿ, ಕಾಲುವೆಯ ನೀರಲ್ಲಿ ಬೆಳೆದ ಮೂಡಲಗಿ ಈ ಮೂರನ್ನೂ ಸೇರಿಸಿ ಒಂದು ಜಲಶಕ್ತಿ ಸಂಗ್ರಹಾಲಯ ಮಾಡಿದರೆ ಕರ್ನಾಟಕದಲ್ಲಿ ಅದಕ್ಕೆ ಸಾಟಿ ಇರಲಾರದು. ಧುಪದಾಳದಿಂದ ಫಾಲ್ಸಿನವರೆಗೆ ಕನ್ನಡದಲ್ಲಿ ಬರೆದ ಹತ್ತು ಫಲಕ ನಿಲ್ಲಿಸಿದರೂ ಅದಕ್ಕೊಂದು ಒಳ್ಳೆಯ ಆರಂಭ.

ಕಟ್ಟಡ, ಯಂತ್ರಕ್ಕಿಂತ ಬೇಗ ಕೈಬಿಟ್ಟು ಹೋಗುತ್ತಿರುವುದು ಜನರ ನೆನಪು. ಗೇಟು ತಿರುಗಿಸಿದವರು, ಜಾಲರಿಯ ಕಸ ಎಳೆದವರು, ಕಡಿದ ಎಳೆ ಜೋಡಿಸಿದ ಹೆಣ್ಣುಮಕ್ಕಳು, ಪಟ್ಟಾ ಹೊಲಿದವರು, ಮುಕಾದಮರು, ಇವರಲ್ಲಿ ಹಲವರು ಈಗ ಎಂಬತ್ತರ ಆಚೆಯವರು. ಗೋಕಾಕ, ಕೊಣ್ಣೂರು, ಅಂಕಲಗಿ ಸುತ್ತಿನ ಕಾಲೇಜುಗಳ ವಿದ್ಯಾರ್ಥಿಗಳೇ, ಈ ರಜೆಯಲ್ಲಿ ನಿಮ್ಮ ಮನೆಯ ಅಜ್ಜ, ಅಜ್ಜಿ, ನೆರೆಯ ಕಾಕಾ, ಮಾವಶಿ ಯಾರಾದರೂ ಗಿರಣಿಯಲ್ಲಿ ದುಡಿದಿದ್ದರೆ ಅವರ ಮುಂದೆ ಮೊಬೈಲ್ ಇಟ್ಟು ಕೂತುಕೊಳ್ಳಿ. ಯಾವ ಖಾತೆ, ಯಾವ ಪಾಳಿ, ಎಷ್ಟು ಪಗಾರ, ಯಾವ ಯಂತ್ರ, ನೀರು ಕಡಿಮೆಯಾದ ದಿನ ಏನು ಮಾಡುತ್ತಿದ್ದರು, ಯಂತ್ರದ ಯಾವ ಭಾಗಕ್ಕೆ ಏನೆಂದು ಕರೆಯುತ್ತಿದ್ದರು ಎಂದು ಕೇಳಿ. ಅವರ ಹಳೆಯ ಪಾಸು, ಪಗಾರ ಚೀಟಿ, ಗುಂಪಿನ ಫೋಟೊಗಳನ್ನು ಅವರ ಮನೆಯಿಂದ ಒಯ್ಯಬೇಡಿ, ಅಲ್ಲೇ ಫೋಟೊ ತೆಗೆದುಕೊಳ್ಳಿ. ಅವರ ಒಪ್ಪಿಗೆ ಪಡೆದು, ತಾರೀಖು ಬರೆದು, ಒಂದು ಪ್ರತಿಯನ್ನು ಕಾಲೇಜಿನ ಗ್ರಂಥಾಲಯಕ್ಕೂ ಇನ್ನೊಂದನ್ನು ಗೋಕಾಕದ ಸಾರ್ವಜನಿಕ ಗ್ರಂಥಾಲಯಕ್ಕೂ ಕೊಡಿ. ಈ ಕೆಲಸಕ್ಕೆ ಯಾರ ಅಧಿಸೂಚನೆಯೂ ಬೇಕಿಲ್ಲ, ಈ ಭಾನುವಾರವೇ ಶುರು ಮಾಡಬಹುದು.